ಮೇಲಿನಿಂದ ಊರು ನೋಡುವಾಗ ಮೊದಲು ಕೇಳಬೇಕಾದ್ದು: ಈ ಚಿತ್ರ ಯಾವ ತಾರೀಕಿನದು?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನಲ್ಲಿ ಶರಾವತಿ ಹಿನ್ನೀರಿನ ಅಂಚಿನ ಊರು. ಕೆಲಸದ ಮೇಲೆ ಪುಣೆಯಲ್ಲಿದ್ದೇನೆ. ಬಿಡುವಾದಾಗ ಉಪಗ್ರಹ ಚಿತ್ರ ತೆರೆದು ಊರು, ತೋಟ, ಹೊಳೆ ನೋಡುತ್ತಿರುತ್ತೇನೆ. ಆದರೆ ಒಂದೊಂದು ಜಾಲತಾಣದಲ್ಲಿ ಒಂದೊಂದು ಥರ. ಒಂದರಲ್ಲಿ ಹಿನ್ನೀರು ತುಂಬಿ ನಿಂತಿದೆ, ಇನ್ನೊಂದರಲ್ಲಿ ಬರೀ ಕೆಮ್ಮಣ್ಣು. ಸಿಗಂದೂರು ಸೇತುವೆಯೂ ಹಾಗೆಯೇ, ಒಂದರಲ್ಲಿ ಕಂಬಗಳಷ್ಟೇ ಇವೆ. ಕೆಲವು ಗುಡ್ಡಗಳು ಹೊಂಡದಂತೆ ಕಾಣುತ್ತವೆ. ದುಡ್ಡು ಕೊಡದೆ ಹಳೆಯ ಚಿತ್ರಗಳನ್ನು ನೋಡಬಹುದೇ? ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಕಂಡೀತೇ? ತೋಟದ ಗಡಿ ಅಳೆಯಬಹುದೇ? ಹಂಪಿಯಂಥ ಜಾಗಗಳನ್ನೂ ಹೀಗೇ ನೋಡುವ ಆಸೆಯಿದೆ.

ಉತ್ತರ: ನಿಮ್ಮ ಗೊಂದಲಕ್ಕೆಲ್ಲ ಬೇರು ಒಂದೇ. ಪರದೆಯ ಮೇಲೆ ಕಾಣುವುದು ಈ ಹೊತ್ತಿನ ಊರಲ್ಲ. ಯಾವುದೋ ಒಂದು ದಿನ, ಹೆಚ್ಚಾಗಿ ಬೆಳಗಿನ ಹತ್ತೂವರೆಯ ಆಸುಪಾಸಿನಲ್ಲಿ ಉಪಗ್ರಹ ಹಾದುಹೋಗುವಾಗ ತೆಗೆದ ಫೋಟೋ ಅದು. ಅಷ್ಟೇ ಅಲ್ಲ, ಗೂಗಲ್ ಮ್ಯಾಪ್ಸ್‌ನಲ್ಲಿ ಕಾಣುವ ಮೇಲ್ಮೈ ಒಂದು ಕೌದಿ. ನಿಮ್ಮ ಊರಿನ ತುಂಡು ಒಂದು ಮಾರ್ಚಿನದು, ಪಕ್ಕದ ಊರಿನದು ಎರಡು ವರ್ಷ ಹಿಂದಿನ ನವೆಂಬರಿನದು ಇರಬಹುದು. ಹಸಿರು ಹಠಾತ್ತಾಗಿ ಕಂದಾಗುವ ನೇರ ಗೆರೆ ಎಲ್ಲಾದರೂ ಕಂಡರೆ ಅದೇ ಹೊಲಿಗೆ. ಆದ್ದರಿಂದ ಚಿತ್ರದಲ್ಲಿ ಏನಿದೆ ಎಂದು ನೋಡುವುದಕ್ಕೆ ಮೊದಲು ಅದರ ತಾರೀಕು ಪತ್ತೆ ಮಾಡಿ. ಉಳಿದ ಪ್ರಶ್ನೆಗಳಲ್ಲಿ ಅರ್ಧದಷ್ಟು ಅಲ್ಲಿಯೇ ಪರಿಹಾರವಾಗುತ್ತವೆ.

ನಿಮ್ಮ ಕಡೆಯವರಿಗೆ ಇದಕ್ಕೊಂದು ಒಳ್ಳೆಯ ಗಡಿಯಾರವೇ ಇದೆ. ನೀವು ಹೇಳಿದ ಸಿಗಂದೂರು ಸೇತುವೆ, ಅಂದರೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಸಂಚಾರಕ್ಕೆ ತೆರೆದುಕೊಂಡದ್ದು 2025ರ ಜುಲೈಯಲ್ಲಿ. ಎರಡು ದಡದ ನಡುವೆ ಲಾಂಚ್ ಮಾತ್ರ ಕಂಡರೆ ಆ ಚಿತ್ರ ಕಾಮಗಾರಿಗಿಂತ ಹಿಂದಿನದು. ನೀರಿನಲ್ಲಿ ಸಾಲುಚುಕ್ಕೆಯಂತೆ ಕಂಬಗಳಿದ್ದರೆ ಕೆಲಸ ನಡೆಯುತ್ತಿದ್ದ ಕಾಲದ್ದು. ಯಾವ ಊರಿಗೆ ಹೋದರೂ ಇಂಥ ಒಂದು ಗುರುತು ಹುಡುಕಿಕೊಳ್ಳಿ: ಹೊಸ ಬಸ್ ನಿಲ್ದಾಣ, ಹೆದ್ದಾರಿಯ ಬೈಪಾಸ್, ಶಾಲೆಯ ಹೊಸ ಕಟ್ಟಡ. ತಾರೀಕು ನಮೂದಿಸದ ಚಿತ್ರಕ್ಕೂ ಆಗ ಕಾಲ ಹೇಳಬಹುದು.

ಇನ್ನು ಸಾಧನಗಳು. ಪುಕ್ಕಟೆ ಸಿಗುವವು ಎರಡು ಬಗೆಯವು, ಒಂದರ ಕೆಲಸ ಇನ್ನೊಂದು ಮಾಡದು. ಮೊದಲನೆಯದು ಬಹಳ ಸ್ಪಷ್ಟವಾಗಿದ್ದು ಅಪರೂಪಕ್ಕೆ ಬದಲಾಗುವ ಚಿತ್ರ. ಎರಡನೆಯದು ಮಸುಕಾಗಿದ್ದರೂ ಐದೈದು ದಿನಕ್ಕೊಮ್ಮೆ ಹೊಸದಾಗುವ ಚಿತ್ರ.

ಮೊದಲ ಬಗೆಗೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಳ್ಳಿ. ಒಂದು ಕಾಲಕ್ಕೆ ವರ್ಷಕ್ಕೆ 399 ಡಾಲರ್ ಬೆಲೆಯಿದ್ದ ಈ ತಂತ್ರಾಂಶ 2015ರಿಂದ ಉಚಿತ. ಪರದೆಯ ಕೆಳಗಿನ ಪಟ್ಟಿಯಲ್ಲಿ ಚಿತ್ರದ ತಾರೀಕು, ಅಕ್ಷಾಂಶ, ರೇಖಾಂಶ, ಕರ್ಸರ್ ಇರುವ ಜಾಗದ ಎತ್ತರ ಎಲ್ಲ ಬರುತ್ತವೆ. ಮೇಲಿನ ಪಟ್ಟಿಯಲ್ಲಿರುವ ಗಡಿಯಾರದ ಗುರುತನ್ನು ಒತ್ತಿದರೆ ಕಾಲದ ಪಟ್ಟಿ ತೆರೆಯುತ್ತದೆ. ಅದನ್ನು ಎಳೆದಂತೆ ಹಿಂದಿನ ವರ್ಷಗಳ ಚಿತ್ರಗಳು ಒಂದೊಂದಾಗಿ ಬರುತ್ತವೆ. 2024ರಿಂದ ಬ್ರೌಸರಿನ ಆವೃತ್ತಿಯಲ್ಲೂ ಫೋನಿನಲ್ಲೂ ಹಳೆಯ ಚಿತ್ರ ನೋಡುವ ಸೌಲಭ್ಯ ಬಂದಿದೆ. ಅಳತೆ, ನಕ್ಷೆ ಹೊದಿಸುವುದು ಮುಂತಾದ ಕೆಲಸಕ್ಕೆ ಮಾತ್ರ ಕಂಪ್ಯೂಟರಿನ ಪ್ರೊ ಆವೃತ್ತಿಯೇ ಅನುಕೂಲ.

ಇಲ್ಲಿ ಎರಡು ಎಚ್ಚರ. ಮನೆಗಳು ಬಿಡಿಬಿಡಿಯಾಗಿ ಕಾಣುವಂಥ ಚಿತ್ರ 2000ದ ದಶಕಕ್ಕಿಂತ ಹಿಂದಕ್ಕೆ ಹೋಗದು. ಅಷ್ಟು ಸೂಕ್ಷ್ಮವಾದ ಮೊದಲ ವಾಣಿಜ್ಯ ಉಪಗ್ರಹ ಇಕೋನೋಸ್ ಹಾರಿದ್ದೇ 1999ರಲ್ಲಿ. ಪಟ್ಟಿಯನ್ನು 1980ರ ದಶಕಕ್ಕೆ ಎಳೆದಾಗ ಕಾಣುವ ಮಸುಕು ಚಿತ್ರ ಲ್ಯಾಂಡ್‌ಸ್ಯಾಟ್ ಉಪಗ್ರಹದ್ದು. ಅದು ಒಂದು ದಿನದ ಫೋಟೋ ಆಗಿರದೆ, ವರ್ಷದ ಹಲವು ಚಿತ್ರಗಳಿಂದ ಮೋಡವಿಲ್ಲದ ಚುಕ್ಕೆಗಳನ್ನು ಆಯ್ದು ಮಾಡಿದ ಮಿಶ್ರಣ. ಹೀಗಾಗಿ ಅದರಲ್ಲಿ ಅಣೆಕಟ್ಟಿನ ನೀರಿನ ಮಟ್ಟ ಓದಲು ಹೋಗಬೇಡಿ. ಮೇ ತಿಂಗಳ ದಡವೂ ಡಿಸೆಂಬರಿನ ದಡವೂ ಅಲ್ಲಿ ಕಲಸಿಹೋಗಿರುತ್ತವೆ. ಗೂಗಲ್‌ನ ಟೈಮ್‌ಲ್ಯಾಪ್ಸ್‌ಗೂ ಇದೇ ಮಾತು. ನಗರ ಬೆಳೆದದ್ದು, ಗಣಿ ಅಗಲವಾದದ್ದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಕೆರೆ ತುಂಬಿತ್ತೋ ಬತ್ತಿತ್ತೋ ಎನ್ನುವುದಕ್ಕೆ ಅದು ಸಾಕ್ಷಿಯಾಗದು.

ಎಸ್ರಿ ಕಂಪನಿಯ ವೇಬ್ಯಾಕ್ ಎಂಬ ತಾಣವೂ ಉಪಯುಕ್ತ. 2014ರಿಂದ ತಮ್ಮ ವಿಶ್ವಚಿತ್ರವನ್ನು ಹೊಸದು ಮಾಡಿದಾಗಲೆಲ್ಲ ಹಳೆಯ ಆವೃತ್ತಿಯನ್ನು ಅವರು ಉಳಿಸಿಟ್ಟಿದ್ದಾರೆ. ಎಡಗಡೆಯ ಪಟ್ಟಿಯಲ್ಲಿ ಕಾಣುವ ತಾರೀಕು ಚಿತ್ರವನ್ನು ಪ್ರಕಟಿಸಿದ ದಿನದ್ದು, ತೆಗೆದ ದಿನದ್ದಲ್ಲ. ಎರಡರ ನಡುವೆ ವರ್ಷಗಟ್ಟಲೆ ಅಂತರ ಇರಬಹುದು. ಚಿತ್ರದ ಮೇಲೆ ಕ್ಲಿಕ್ಕಿಸಿದರೆ ತೆಗೆದ ದಿನ ಚಿಕ್ಕ ಪೆಟ್ಟಿಗೆಯಲ್ಲಿ ಬರುತ್ತದೆ, ನಂಬಬೇಕಾದ್ದು ಅದನ್ನು. ಆ ಜಾಗದಲ್ಲಿ ನಿಜಕ್ಕೂ ಬದಲಾದ ಆವೃತ್ತಿಗಳನ್ನಷ್ಟೇ ತೋರಿಸು ಎಂಬ ಆಯ್ಕೆಗೆ ಗುರುತು ಹಾಕಿದರೆ ನೂರಾರು ಸಾಲು ಹತ್ತಾರಕ್ಕೆ ಇಳಿಯುತ್ತದೆ.

ಎರಡನೇ ಬಗೆಗೆ ಯುರೋಪಿನ ಕೊಪರ್ನಿಕಸ್ ಬ್ರೌಸರ್ ನೋಡಿ. ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು 2015ರಿಂದ ಈಚೆಗೆ ಅಲ್ಲಿ ಎಲ್ಲರಿಗೂ ತೆರೆದಿವೆ. ಇದರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಚುಕ್ಕೆಗೊಂದು ಗುಂಟೆ, ಎಕರೆಗೆ ನಲವತ್ತು ಚುಕ್ಕೆ ಎಂದು ನೆನಪಿಟ್ಟರೆ ಇದರಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎನ್ನುವ ಅಂದಾಜು ತಾನಾಗಿ ಬರುತ್ತದೆ. ಬೆಂಗಳೂರಿನ 30×40 ಸೈಟು ಒಂದು ಚುಕ್ಕೆಯಲ್ಲಿ ಮುಗಿದುಹೋಗುತ್ತದೆ. ಎರಡು ಎಕರೆ ತೋಟದ ಆಕಾರ ತಿಳಿಯುತ್ತದೆ, ಅದರೊಳಗಿನ ಮರ ತಿಳಿಯದು. ಲ್ಯಾಂಡ್‌ಸ್ಯಾಟಿನ ಚುಕ್ಕೆ 30 ಮೀಟರಿನದು, ಸುಮಾರು ಒಂಬತ್ತು ಗುಂಟೆ.

ಬಳಸುವ ಕ್ರಮ ಸರಳ. ಜಾಗ ಹುಡುಕಿ, ಎಡಗಡೆ ಸೆಂಟಿನೆಲ್-2 ಆರಿಸಿ, ಮೋಡದ ಮಿತಿಯನ್ನು ಶೇ. 20ಕ್ಕೆ ಇಳಿಸಿ, ಕ್ಯಾಲೆಂಡರಿನಲ್ಲಿ ಗುರುತಾದ ದಿನಗಳನ್ನು ಒಂದೊಂದಾಗಿ ತೆರೆಯಿರಿ. ಮಿತಿಯ ಲೆಕ್ಕ ಸುಮಾರು 110 ಕಿಲೋಮೀಟರ್ ಅಗಲದ ಇಡೀ ತುಂಡಿಗೆ ಅನ್ವಯ. ಶೇ. 40 ಮೋಡ ಎಂದಿದ್ದ ದಿನವೂ ನಿಮ್ಮ ಊರಿನ ಮೇಲೆ ಬಿಸಿಲಿರಬಹುದು. ಬೇಕಾದ ದಿನ ಸಿಗದಿದ್ದರೆ ಮಿತಿ ಏರಿಸಿ ನೋಡಿ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುಮಟ್ಟಿಗೆ ಮೋಡವೇ. ಆ ತಿಂಗಳುಗಳಿಗೆ ಅದೇ ತಾಣದ ಸೆಂಟಿನೆಲ್-1 ಇದೆ. ಅದು ರೇಡಾರ್, ಮೋಡ ಭೇದಿಸಿ ನೋಡುತ್ತದೆ. ನಿಂತ ನೀರು ಅದರಲ್ಲಿ ಕಪ್ಪಗೆ ಕಾಣುತ್ತದೆ, ಏಕೆಂದರೆ ನಯವಾದ ನೀರು ರೇಡಾರಿನ ಅಲೆಯನ್ನು ಕನ್ನಡಿಯಂತೆ ಆಚೆಗೆ ಹೊರಳಿಸಿಬಿಡುತ್ತದೆ, ಉಪಗ್ರಹಕ್ಕೆ ಮರಳಿ ಏನೂ ಬರುವುದಿಲ್ಲ. ಜೋರು ಗಾಳಿಯ ದಿನ ಅಲೆಯೆದ್ದರೆ ಹಿನ್ನೀರು ಬೂದುಬಣ್ಣಕ್ಕೆ ತಿರುಗುತ್ತದೆ. ಅದನ್ನು ನೆಲವೆಂದು ತಿಳಿದು ಮೋಸಹೋಗಬಾರದು.

ಇಸ್ರೋದ ಭುವನ್ 2009ರಲ್ಲಿ ಶುರುವಾದದ್ದು. ಊರುಗಳನ್ನು ಹತ್ತಿರದಿಂದ ನೋಡುವುದಕ್ಕಿಂತ ಭೂಬಳಕೆ, ಬಂಜರು, ಜಲಮೂಲಗಳ ವಿಷಯನಕ್ಷೆಗಳಿಗೆ ಅದು ಹೆಚ್ಚು ಉಪಯೋಗ.

ಗುಡ್ಡ ಹೊಂಡವಾಗುವ ಮಾತಿಗೆ ಬರೋಣ. ದೋಷ ಚಿತ್ರದ್ದೂ ಅಲ್ಲ, ನಿಮ್ಮ ಕಣ್ಣಿನದ್ದೂ ಅಲ್ಲ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಮಿದುಳು ಎಣಿಸಿಕೊಂಡೇ ನೋಡುತ್ತದೆ. ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ. ಬೆಳಗಿನ ಹತ್ತೂವರೆಗೆ, ಅದರಲ್ಲೂ ಚಳಿಗಾಲದಲ್ಲಿ, ಸೂರ್ಯ ಆಗ್ನೇಯದಲ್ಲಿ, ಅಂದರೆ ಪರದೆಯ ಕೆಳಗಿನ ಬಲಮೂಲೆಯಲ್ಲಿ ಇರುತ್ತಾನೆ. ನೆರಳು ವಾಯವ್ಯಕ್ಕೆ, ಮೇಲ್ಗಡೆಗೆ ಬೀಳುತ್ತದೆ. ಬೆಳಕು ಕೆಳಗಿನಿಂದ ಬಂದಂತಾಗಿ ಉಬ್ಬು ತಗ್ಗಾಗಿ ತೋರುತ್ತದೆ. ದಿಕ್ಸೂಚಿಯ ಬಳೆ ತಿರುಗಿಸಿ ದಕ್ಷಿಣವನ್ನು ಮೇಲಕ್ಕೆ ತನ್ನಿ, ಗುಡ್ಡ ತಟ್ಟನೆ ಗುಡ್ಡವಾಗುತ್ತದೆ. ನಮ್ಮ ಅಕ್ಷಾಂಶದಲ್ಲಿ ಮೇ, ಜೂನ್, ಜುಲೈಯಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಆ ತಿಂಗಳ ಚಿತ್ರಗಳಲ್ಲಿ ಈ ಭ್ರಮೆ ಕಡಿಮೆ. ಗೂಗಲ್ ಅರ್ಥ್‌ನಲ್ಲಿ ಹತ್ತಿರ ಹೋದಂತೆ ನೋಟ ತಾನಾಗಿ ವಾಲುವುದೂ ಗೊಂದಲಕ್ಕೆ ಕಾರಣ. ಟೂಲ್ಸ್, ಆಪ್ಷನ್ಸ್, ನ್ಯಾವಿಗೇಷನ್‌ಗೆ ಹೋಗಿ ಝೂಮ್ ಮಾಡುವಾಗ ವಾಲಬಾರದು ಎಂಬುದನ್ನು ಆರಿಸಿ. ಈಗಾಗಲೇ ವಾಲಿದ್ದರೆ ಕೀಲಿಮಣೆಯಲ್ಲಿ ‘ಆರ್’ ಒತ್ತಿ. ಉತ್ತರ ಮೇಲಕ್ಕೂ ನೋಟ ನೆತ್ತಿಗೂ ಮರಳುತ್ತದೆ.

ನೆರಳು ತೊಂದರೆ ಕೊಡುವಷ್ಟೇ ಸಹಾಯವನ್ನೂ ಮಾಡುತ್ತದೆ. ಡಿಸೆಂಬರಿನ ಬೆಳಗಿನ ಚಿತ್ರದಲ್ಲಿ ಸೂರ್ಯ ಸುಮಾರು 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಯಾವುದೇ ಗೋಪುರದ ನೆರಳು ಹೆಚ್ಚುಕಡಿಮೆ ಅದರ ಎತ್ತರದಷ್ಟೇ ಉದ್ದ. ಮೇ ತಿಂಗಳಲ್ಲಿ ಅದೇ ನೆರಳು ಎತ್ತರದ ಅರ್ಧಕ್ಕೂ ಕಡಿಮೆ. ಕೋಟೆಗೋಡೆ, ಮೆಟ್ಟಿಲು, ಪಾಗಾರ ಹುಡುಕುವಾಗ ನವೆಂಬರ್ ಕೊನೆಯಿಂದ ಜನವರಿವರೆಗಿನ ಚಿತ್ರವನ್ನೇ ಆರಿಸಿ. ನೆರಳಿನಿಂದ ಎತ್ತರ ಅಳೆಯಬೇಕೆಂದರೆ ಅದೇ ಚಿತ್ರದಲ್ಲಿ ಎತ್ತರ ಗೊತ್ತಿರುವ ಇನ್ನೊಂದು ವಸ್ತುವಿನ ನೆರಳನ್ನೂ ಅಳೆದು ಪ್ರಮಾಣ ಹಾಕಿ. ಎರಡೂ ನೆರಳು ಸಮತಟ್ಟು ನೆಲದ ಮೇಲೆ ಬಿದ್ದಿರಬೇಕು. ಇಳಿಜಾರಿನಲ್ಲಿ ಲೆಕ್ಕ ಕೆಡುತ್ತದೆ.

ಈಗ ನಿಮ್ಮ ಸೀಮೆಯನ್ನು ಓದುವ ಬಗೆ. ಮೇಲಿನಿಂದ ಎಲ್ಲವೂ ಹಸಿರೇ, ಆದರೆ ಮೈ ಬೇರೆ ಬೇರೆ. ಅಡಿಕೆ ತೋಟ ಕಣಿವೆಯ ತಳದಲ್ಲಿ ನೀರಿನ ಜಾಡು ಹಿಡಿದು ಉದ್ದಕ್ಕೆ ಹರಿಯುವ ಪಟ್ಟೆ, ಒತ್ತೊತ್ತಾಗಿ ಸಣ್ಣ ಚುಕ್ಕೆ. ತೆಂಗು ದೊಡ್ಡ ನಕ್ಷತ್ರದ ಹಾಗೆ, ಗರಿಗಳು ಬಿಡಿಬಿಡಿಯಾಗಿ ತಿಳಿಯುತ್ತವೆ. ಕಾನಿನ, ಅಂದರೆ ದಟ್ಟ ಕಾಡಿನ, ಮೇಲ್ಮೈ ಹೂಕೋಸಿನಂತೆ ಉಬ್ಬುತಗ್ಗು, ಗಾತ್ರ ಬೇರೆ ಬೇರೆಯ ತಲೆಗಳು. ಅಕೇಶಿಯಾ ನೆಡುತೋಪು ಒಂದೇ ಸಮನೆ ನಯ, ಅಂಚು ನೇರ. ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನಬೆಟ್ಟದಲ್ಲಿ ಮರಗಳು ಸವರಿದ ಹಾಗೆ ಚಿಕ್ಕವು, ನಡುವೆ ನೆಲ ಇಣುಕುತ್ತದೆ. ಹುಲ್ಲು ಬೆಳೆಯುವ ಬ್ಯಾಣ ಜನವರಿಯ ಹೊತ್ತಿಗೆ ಒಣಹುಲ್ಲಿನ ಬಣ್ಣ. ಗದ್ದೆ ಸೆಪ್ಟೆಂಬರಿನಲ್ಲಿ ಗಾಢ ಹಸಿರು, ನವೆಂಬರಿನಲ್ಲಿ ಹಳದಿ, ಆಮೇಲೆ ಬರೀ ಮಣ್ಣು. ಕಿತ್ತಳೆ ಬಣ್ಣದ ಚೂಪುಮೂಲೆಯ ಚೌಕಗಳು ಕಂಡರೆ ಅವು ಕೆಂಪುಕಲ್ಲಿನ ಕ್ವಾರಿಗಳು. ಒಂದೇ ಜಾಗದ ನವೆಂಬರ್ ಮತ್ತು ಮಾರ್ಚ್ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಗದ್ದೆಗೂ ತೋಟಕ್ಕೂ ಇರುವ ಗಡಿ ಅಳಿಸಲಾಗದಂತೆ ಎದ್ದು ಕಾಣುತ್ತದೆ. ತೋಟ ಎರಡರಲ್ಲೂ ಹಸಿರು, ಗದ್ದೆ ಒಂದರಲ್ಲಿ ಮಾತ್ರ.

ಹಿರೇಭಾಸ್ಕರದ ಬಗ್ಗೆ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ನೀರು ಹಿಡಿದಿಡಲು ಮಡೇನೂರಿನ ಬಳಿ 1940ರ ದಶಕದಲ್ಲಿ ಕಟ್ಟಿದ ಅಣೆಕಟ್ಟು ಅದು. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಎದ್ದ ಮೇಲೆ ಅದರ ಹಿನ್ನೀರಿನಲ್ಲೇ ಮುಳುಗಿತು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಮಟ್ಟ ಬಹಳ ಕೆಳಗಿಳಿದ ಬೇಸಿಗೆಗಳಲ್ಲಿ ಹಳೆಯ ಕಟ್ಟೆ ಮೇಲೆದ್ದು ಬರುತ್ತದೆ. ಅದನ್ನು ಹುಡುಕಲು ಎರಡೂ ಬಗೆಯ ಸಾಧನ ಬೇಕು. ಮೊದಲು ಕೊಪರ್ನಿಕಸ್‌ನಲ್ಲಿ ಪ್ರತಿ ವರ್ಷದ ಮೇ ಮೂರನೇ ವಾರದಿಂದ ಜೂನ್ ಮೊದಲ ವಾರದವರೆಗಿನ ದಿನಗಳನ್ನು ತೆರೆದು ಯಾವ ವರ್ಷ ನೀರು ಹೆಚ್ಚು ಹಿಂದಕ್ಕೆ ಸರಿದಿದೆ ಎಂದು ನೋಡಿ. ಮುಂಗಾರು ತಡವಾದ 2023 ಶುರುಮಾಡಲು ಒಳ್ಳೆಯ ವರ್ಷ. ಸಹಜ ಬಣ್ಣದಲ್ಲಿ ಕೆಸರುನೀರಿಗೂ ಒದ್ದೆನೆಲಕ್ಕೂ ಭೇದ ತಿಳಿಯದಿದ್ದರೆ ಬಣ್ಣದ ಆಯ್ಕೆಯಲ್ಲಿ ‘ಫಾಲ್ಸ್ ಕಲರ್’ ಒತ್ತಿ. ಗಿಡಮರಕ್ಕೆ ಕೆಂಪು, ನೀರಿಗೆ ಕಡುನೀಲಿ ಅಥವಾ ಕಪ್ಪು ಬರುತ್ತದೆ, ಏಕೆಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆ ಚೆನ್ನಾಗಿ ಹಿಂದಿರುಗಿಸುತ್ತದೆ, ನೀರು ನುಂಗಿಬಿಡುತ್ತದೆ. ದಡದ ಗೆರೆ ಆಗ ಖಚಿತವಾಗುತ್ತದೆ.

ಕಟ್ಟೆಯ ಮೇಲಿನ ಅಗಲ ಒಂದು ಚುಕ್ಕೆಗಿಂತ ಕಿರಿದಾದ್ದರಿಂದ ಇಲ್ಲಿ ಅದು ಒಂದು ಸಣ್ಣ ತಿಳಿಗೆರೆಯಷ್ಟೇ. ಎರಡು ದಿಬ್ಬಗಳ ನಡುವೆ ಹಳೆಯ ಹೊಳೆಯ ಪಾತ್ರಕ್ಕೆ ಅಡ್ಡಲಾಗಿ ನೇರವಾಗಿರುವ ಗೆರೆ ಹುಡುಕಿ. ಪ್ರಕೃತಿಯಲ್ಲಿ ಅಷ್ಟು ನೇರ ಗೆರೆ ಇರುವುದಿಲ್ಲ. ಜಾಗ ಗೊತ್ತಾದ ಮೇಲೆ ಗೂಗಲ್ ಅರ್ಥ್‌ಗೆ ಹೋಗಿ ಅದೇ ಜಾಗದ ಏಪ್ರಿಲ್, ಮೇ, ಜೂನ್ ತಾರೀಕಿನ ಹಳೆಯ ಚಿತ್ರಗಳಿವೆಯೇ ನೋಡಿ. ಇದ್ದರೆ ಕಟ್ಟೆಯ ಆಕಾರವೇ ಸಿಗುತ್ತದೆ. ಎಲ್ಲವೂ ನವೆಂಬರ್, ಡಿಸೆಂಬರಿನವಾದರೆ ಎಷ್ಟು ಹತ್ತಿರ ಹೋದರೂ ನೀರೇ ಕಾಣುವುದು. ನೀರಿಳಿದ ಕೆಮ್ಮಣ್ಣಿನ ಮೇಲೆ ಸಾಲುಸಾಲಾಗಿ ಅಂಚುಕಟ್ಟಿದ ಗುರುತುಗಳಿಗೂ ಗಮನ ಕೊಡಿ. ಕೆಲವು ವರ್ಷವರ್ಷವೂ ನೀರು ನಿಂತು ಇಳಿದ ಮಟ್ಟದ ಗೆರೆಗಳು, ದಿಬ್ಬವನ್ನು ಸುತ್ತುವರಿದು ಬಾಗಿರುತ್ತವೆ. ಕೆಲವು ಮುಳುಗಿದ ರಸ್ತೆ, ಗದ್ದೆಯ ಬದು. ಇವು ಬಾಗಿದ ಗೆರೆಗಳನ್ನು ಅಡ್ಡಹಾಯುತ್ತವೆ. ಈ ಒಂದು ಭೇದ ಕಣ್ಣಿಗೆ ಪಳಗಿದರೆ ಮುಳುಗಿದ ಊರಿನ ಜಾಡು ಹಿಡಿಯಬಹುದು.

1964ಕ್ಕಿಂತ ಹಿಂದಿನದು ಬೇಕೆಂದರೆ ಲ್ಯಾಂಡ್‌ಸ್ಯಾಟ್ ಒದಗದು, ಅದು ಶುರುವಾದದ್ದೇ 1972ರಲ್ಲಿ. ಎರಡು ದಾರಿಗಳಿವೆ. ಒಂದು, ಅಮೆರಿಕದ ಸೇನೆಯ ನಕ್ಷಾ ವಿಭಾಗ 1950ರ ದಶಕದಲ್ಲಿ ಹೊರತಂದ ಭಾರತದ ನಕ್ಷೆಗಳು. ಟೆಕ್ಸಸ್ ವಿಶ್ವವಿದ್ಯಾಲಯದ ಪೆರಿ-ಕ್ಯಾಸ್ಟನೆಡಾ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪ್ರಮಾಣ 1:2,50,000, ಅಂದರೆ ನಕ್ಷೆಯ 1 ಸೆಂಟಿಮೀಟರಿಗೆ ನೆಲದ ಎರಡೂವರೆ ಕಿಲೋಮೀಟರ್. ಮನೆ ಕಾಣದು, ಊರಿನ ಹೆಸರು, ದಾರಿ, ಹೊಳೆಯ ತಿರುವು ಕಾಣುತ್ತವೆ. ಹೆಸರುಗಳು ಇಂಗ್ಲಿಷಿನ ಬಾಯಲ್ಲಿ ತಿರುಚಿಕೊಂಡಿರುತ್ತವೆ, ಜೋರಾಗಿ ಓದಿಕೊಂಡರೆ ಗುರುತು ಸಿಗುತ್ತದೆ. ಎರಡು, ಕರೋನಾ ಎಂಬ ಅಮೆರಿಕದ ಗೂಢಚರ್ಯೆ ಉಪಗ್ರಹಗಳ 1960ರಿಂದ 1972ರವರೆಗಿನ ಫಿಲ್ಮು. 1995ರಲ್ಲಿ ಗೋಪ್ಯತೆ ತೆಗೆದ ಇವು ಅಮೆರಿಕದ ಭೂಗರ್ಭ ಸರ್ವೇಕ್ಷಣೆಯ ಅರ್ಥ್‌ಎಕ್ಸ್‌ಪ್ಲೋರರ್ ತಾಣದಲ್ಲಿ ‘ಡಿಕ್ಲಾಸಿಫೈಡ್ ಡೇಟಾ’ ವಿಭಾಗದಲ್ಲಿವೆ. ಪುಕ್ಕಟೆ ಖಾತೆ ತೆರೆದು ಊರಿನ ಸುತ್ತ ಚೌಕ ಬರೆದು ಹುಡುಕಿ. ಈಗಾಗಲೇ ಸ್ಕ್ಯಾನ್ ಆದ ಫಿಲ್ಮನ್ನು ಹಾಗೇ ಇಳಿಸಿಕೊಳ್ಳಬಹುದು, ಆಗದಿದ್ದುದಕ್ಕೆ ಮಾತ್ರ ಶುಲ್ಕವಿದೆ. ಕಪ್ಪುಬಿಳುಪು ಚಿತ್ರ, ಕೊನೆಯ ವರ್ಷಗಳ ಕ್ಯಾಮೆರಾಗಳಲ್ಲಿ ಸುಮಾರು ಎರಡು ಮೀಟರಿನ ವಸ್ತುವೂ ತಿಳಿಯುತ್ತದೆ. ಇಳಿಸುವ ಮೊದಲು ಚಿಕ್ಕ ಮಾದರಿಚಿತ್ರದಲ್ಲಿ ಮೋಡ ನೋಡಿಕೊಳ್ಳಿ, ಕಡತಗಳು ಬಹಳ ದೊಡ್ಡವು.

ಇಂಥ ನಕ್ಷೆ ಅಥವಾ ಫಿಲ್ಮನ್ನು ಇಂದಿನ ಚಿತ್ರದ ಮೇಲೆ ಹೊದಿಸಲು ಗೂಗಲ್ ಅರ್ಥ್ ಪ್ರೊದಲ್ಲಿ ‘ಆ್ಯಡ್’, ‘ಇಮೇಜ್ ಓವರ್‌ಲೇ’ ಒತ್ತಿ ಕಡತ ಆರಿಸಿ. ಪಾರದರ್ಶಕತೆಯನ್ನು ಅರ್ಧಕ್ಕಿಳಿಸಿ, ಹಸಿರು ಹಿಡಿಕೆಗಳನ್ನು ಎಳೆದು ಕೂರಿಸಿ. ಇಡೀ ಹಾಳೆಯನ್ನು ಕೂರಿಸಲು ಹೋದರೆ ಸೋಲು ಖಚಿತ. ಕರೋನಾ ಕ್ಯಾಮೆರಾ ಬದಿಯಿಂದ ಬದಿಗೆ ತೂಗುತ್ತ ಸೆರೆಹಿಡಿದದ್ದರಿಂದ ಪಟ್ಟಿಯ ತುದಿಗಳಲ್ಲಿ ನೆಲ ಹಿಗ್ಗಿದಂತೆ ಸೊಟ್ಟವಾಗಿರುತ್ತದೆ. ಮೂರು ನಾಲ್ಕು ಕಿಲೋಮೀಟರ್ ಅಗಲದ ತುಂಡು ಕತ್ತರಿಸಿಕೊಂಡು, ಅಂದಿನಿಂದ ಇಂದಿಗೂ ಬದಲಾಗದ ನಾಲ್ಕು ಗುರುತು ಹಿಡಿಯಿರಿ: ಗುಡ್ಡದ ನೆತ್ತಿ, ಬಂಡೆ, ಹಳೆಯ ದೇವಸ್ಥಾನ, ಎರಡು ಹಳ್ಳ ಕೂಡುವ ಜಾಗ. ಹಿನ್ನೀರಿನ ದಡವನ್ನು ಗುರುತಾಗಿ ಹಿಡಿಯಬಾರದು, ರಸ್ತೆಯ ತಿರುವನ್ನೂ ನಂಬಬಾರದು.

ಅಳತೆಯ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಇಲ್ಲಿ ತಪ್ಪಿದರೆ ಅಕ್ಕಪಕ್ಕದ ಮನೆಯವರ ನಡುವೆ ಮಾತು ಬೀಳುತ್ತದೆ. ಮೊದಲು ಗೊತ್ತಿರುವ ಕಟ್ಟಡವೊಂದರ ಮೇಲೆ ಕೈ ಪಳಗಿಸಿ. ವಿಜಯಪುರದ ಗೋಲಗುಮ್ಮಟ ಇದಕ್ಕೆ ಹೇಳಿಮಾಡಿಸಿದ್ದು. ಹೊರಗಿನ ಪ್ರತಿ ಬದಿ ಸುಮಾರು 47.5 ಮೀಟರ್, ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ರೂಲರ್ ತೆಗೆದು ಬದಿಯನ್ನು ಐದು ಸಲ ಅಳೆಯಿರಿ. ಪ್ರತಿ ಸಲ ಒಂದೊಂದು ಮೀಟರ್ ಆಚೀಚೆ ಬರುತ್ತದೆ. ನಿಮ್ಮ ಕೈಯ ತಪ್ಪು ಎಷ್ಟು ಎನ್ನುವುದು ಅದೇ. ಎತ್ತರದ ಕಟ್ಟಡದ ಚಾವಣಿ ತಳಕ್ಕಿಂತ ಒಂದು ಪಕ್ಕಕ್ಕೆ ಸರಿದಂತೆ ಕಾಣುವುದನ್ನೂ ಅಲ್ಲಿ ಗಮನಿಸಬಹುದು. ಉಪಗ್ರಹ ನೇರ ನೆತ್ತಿಯ ಮೇಲಿರದೆ ಓರೆಯಾಗಿ ನೋಡಿದ್ದರಿಂದ ಹಾಗಾಗುತ್ತದೆ. ಅಳತೆಯ ಒಂದು ತುದಿ ಚಾವಣಿಯಲ್ಲಿ, ಇನ್ನೊಂದು ತುದಿ ನೆಲದಲ್ಲಿ ಇಟ್ಟರೆ ಲೆಕ್ಕ ಕೆಟ್ಟಿತು.

ತೋಟಕ್ಕೆ ‘ಪಾಲಿಗನ್’ ಬರೆದು ಅಳತೆಯ ಘಟಕವನ್ನು ಎಕರೆಗೆ ಇಡಿ. ಬಂದ ಸಂಖ್ಯೆಯ ದಶಮಾಂಶ ಭಾಗವನ್ನು 40ರಿಂದ ಗುಣಿಸಿದರೆ ಗುಂಟೆ. 1.50 ಎಂದು ಬಂದರೆ ಒಂದು ಎಕರೆ ಇಪ್ಪತ್ತು ಗುಂಟೆ. ಪಹಣಿಯಲ್ಲಿ 1-20 ಎಂದು ಬರೆದಿರುವುದು ಇದನ್ನೇ. ಅದನ್ನು 1.2 ಎಕರೆ ಎಂದು ಓದಿ ಹನ್ನೆರಡು ಗುಂಟೆ ಕಳೆದುಹೋಯಿತೆಂದು ಗಾಬರಿಯಾಗುವವರು ಬಹಳ.

ಆದರೆ ವಿಸ್ತೀರ್ಣ ಬೇರೆ, ಗಡಿ ಬೇರೆ. ಒಂದು ಬಾವಿಯ ಮೇಲೆ ಪಿನ್ ಇಟ್ಟು ಹಳೆಯ ತಾರೀಕಿನ ಚಿತ್ರಗಳಿಗೆ ಹೋಗಿ ನೋಡಿ. ಪಿನ್ ಅಲ್ಲೇ ಇರುತ್ತದೆ, ಬಾವಿ ಕೆಲವು ಮೀಟರ್ ಸರಿದಿರುತ್ತದೆ. ಪ್ರತಿ ಚಿತ್ರವನ್ನು ಭೂಮಿಗೆ ಕೂರಿಸುವಾಗ ಉಳಿಯುವ ತಪ್ಪು ಅದು, ಗುಡ್ಡಗಾಡಿನಲ್ಲಿ ಇನ್ನೂ ಹೆಚ್ಚು. ಚಿತ್ರ ಇಡಿಯಾಗಿ ಸರಿಯುವುದರಿಂದ ವಿಸ್ತೀರ್ಣ ಹೆಚ್ಚು ಕೆಡುವುದಿಲ್ಲ, ಗಡಿ ಮಾತ್ರ ಅಷ್ಟೂ ಸರಿಯುತ್ತದೆ. ಹದಿನೈದು ಮೀಟರ್ ಅಗಲದ ಅಡಿಕೆ ಪಟ್ಟೆಯಲ್ಲಿ ಐದು ಮೀಟರ್ ಎಂದರೆ ಮೂರರಲ್ಲಿ ಒಂದು ಪಾಲು. ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ಸರ್ವೆ ನಂಬರಿನ ಗೆರೆಗಳನ್ನು ಚಿತ್ರದ ಮೇಲೆ ತೋರಿಸುತ್ತದೆ, ಈ ಜಾಗ ಯಾವ ಸರ್ವೆ ನಂಬರಿಗೆ ಸೇರಿದ್ದು ಎಂದು ತಿಳಿಯಲು ಬಹಳ ಉಪಯುಕ್ತ. ಅದರ ಗೆರೆ ನೋಡಿ ಬೇಲಿ ಮಾತ್ರ ಹಾಕಬೇಡಿ. ಗಡಿಗೆ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯ ಮೂಲಕ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅರ್ಜಿ ಕೊಟ್ಟು ಸರ್ವೆಯವರಿಂದ ಅಳತೆ ಮಾಡಿಸುವುದೊಂದೇ ದಾರಿ.

ಹೆಸರಾಂತ ಜಾಗಗಳಿಗೆ ಹೋಗುವಾಗ ಇದೇ ತಾರೀಕಿನ ಬುದ್ಧಿ ಕೈಹಿಡಿಯುತ್ತದೆ. ಹಂಪಿಯಲ್ಲಿ ವಿರೂಪಾಕ್ಷನ ಗುಡಿಯ ಮುಂದಿನಿಂದ ಎದುರು ಬಸವಣ್ಣನವರೆಗೆ ನೇರ ಪೂರ್ವಕ್ಕೆ ಹೋಗುವ ರಥಬೀದಿಯನ್ನು ತೆರೆಯಿರಿ. 2011ರ ಜುಲೈಗಿಂತ ಹಿಂದಿನ ಚಿತ್ರದಲ್ಲಿ ಎರಡೂ ಕಡೆ ಮಂಟಪಸಾಲಿಗೆ ಅಂಟಿಕೊಂಡು ಮನೆ, ಅಂಗಡಿಗಳ ಚಾವಣಿ ಕಿಕ್ಕಿರಿದಿವೆ. ಆಮೇಲಿನದರಲ್ಲಿ ಅವಿಲ್ಲ, ಬರಿಯ ಕಲ್ಲಿನ ಸಾಲು. ಜನವಸತಿಯ ಒಂದು ಬೀದಿ ತೆರವಾದದ್ದನ್ನು ಮಾತಿಲ್ಲದೆ ಹೇಳುವ ಎರಡು ಚಿತ್ರ ಅವು. ಹೊಳೆಯಾಚೆ ವಿರೂಪಾಪುರ ಗಡ್ಡೆಯನ್ನು 2019 ಮತ್ತು 2021ರ ತಾರೀಕುಗಳಲ್ಲಿ ಹೋಲಿಸಿ, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತೆರವಾದ ರೆಸಾರ್ಟುಗಳ ಜಾಗ ಬಯಲಾಗಿರುವುದು ಕಾಣುತ್ತದೆ. ರಾಜಾಂಗಣದ ಮೆಟ್ಟಿಲುಕೊಳ ಡಿಸೆಂಬರಿನ ಚಿತ್ರದಲ್ಲಿ ಚೌಕದೊಳಗೆ ಚೌಕವಾಗಿ ಎದ್ದು ನಿಲ್ಲುತ್ತದೆ. ಅಲ್ಲಿಗೆ ನೀರು ತಂದ ಕಲ್ಲುಕಾಲುವೆಯನ್ನು ಅದರ ಕಂಬಗಳ ನೆರಳಿನಿಂದಲೇ ಹಿಂಬಾಲಿಸಬಹುದು.

ನೆಲದ ಮೇಲೆ ಭವ್ಯವಾದದ್ದೆಲ್ಲ ಮೇಲಿನಿಂದ ಭವ್ಯವಲ್ಲ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ ನೆತ್ತಿಯಿಂದ ನೋಡಿದರೆ ಅಂಗಳದ ನಡುವಿನ ಒಂದು ಚುಕ್ಕೆ. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆ ಇದಕ್ಕೆ ತದ್ವಿರುದ್ಧ. ಒಳಗೆ ನಿಂತವರಿಗೆ ಸುತ್ತ ಗೋಡೆಗಳಷ್ಟೇ. ಟಿಪ್ಪು ಕಟ್ಟಿಸಿದ ಅದರ ಎಂಟು ಮೂಲೆಯ ನಕ್ಷತ್ರದ ಆಕಾರ ಪೂರ್ತಿಯಾಗಿ ತಿಳಿಯುವುದು ಮೇಲಿನಿಂದಲೇ. ಸೋಮನಾಥಪುರದ ಕೇಶವ ದೇಗುಲದ ನಕ್ಷತ್ರಾಕಾರದ ಜಗತಿಯೂ ಹಾಗೆಯೇ. ಕೆಜಿಎಫ್‌ನಲ್ಲಿ 2001ರಲ್ಲಿ ಗಣಿ ಮುಚ್ಚಿದ ಮೇಲೂ ಉಳಿದಿರುವ ಸೈನೈಡ್ ದಿಬ್ಬಗಳು ಬೂದುಬಿಳುಪಾಗಿ ಹರಡಿವೆ, ಮಳೆನೀರು ಕೊರೆದ ಜಾಡುಗಳು ಅವುಗಳ ಮೈಮೇಲೆಲ್ಲ. ಉಡುಪಿಯ ಕೋಡಿಬೆಂಗ್ರೆಯಲ್ಲಿ ಸಮುದ್ರಕ್ಕೂ ನದಿಗೂ ನಡುವಿನ ಮರಳಪಟ್ಟಿಯ ತುದಿಯನ್ನು ವರ್ಷವರ್ಷದ ಜನವರಿಯಲ್ಲಿ ಗುರುತು ಹಾಕುತ್ತ ಹೋಗಿ.

ಕೋಲಾರ ಜಿಲ್ಲೆಯನ್ನು ಮಾತ್ರ ಬಿಡಬೇಡಿ. ಸರಪಳಿಯಂತೆ ಒಂದರ ಕೆಳಗೊಂದು ಇರುವ ಅಲ್ಲಿನ ಕೆರೆಗಳ ರಚನೆ ಕಲಿಯಲು ಮೇಲಿನ ನೋಟಕ್ಕಿಂತ ಒಳ್ಳೆಯ ಪಾಠವಿಲ್ಲ. ಇಳಿಜಾರಿನ ಕಡೆ ಬಿಲ್ಲಿನಂತೆ ಏರಿ, ಏರಿಯ ಕೆಳಗೆ ಹಸಿರು ಅಚ್ಚುಕಟ್ಟು, ಒಂದು ಪಕ್ಕದಲ್ಲಿ ಕೋಡಿ, ಕೋಡಿಯಿಂದ ಹೊರಟ ಹಳ್ಳ ಮುಂದಿನ ಕೆರೆಗೆ. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಿಂದ ಅಲ್ಲಿನ ಕೆರೆಗಳಿಗೆ ಬರತೊಡಗಿತು. ಕೊಪರ್ನಿಕಸ್‌ನಲ್ಲಿ 2017ರ ಮೇ ಮತ್ತು 2022ರ ಮೇ ಚಿತ್ರಗಳನ್ನು ಫಾಲ್ಸ್ ಕಲರ್‌ನಲ್ಲಿಟ್ಟು ಹೋಲಿಸಿದರೆ ಯಾವ ಕೆರೆಗಳ ಬಣ್ಣ ತಿರುಗಿತು ಎಂದು ನೀವೇ ಎಣಿಸಬಹುದು. ಎರಡೂ ಒಂದೇ ತಿಂಗಳಿನವಾಗಿರಬೇಕು. ಒಂದು ಮೇ, ಇನ್ನೊಂದು ನವೆಂಬರ್ ಆದರೆ ನೀವು ನೋಡುತ್ತಿರುವುದು ಮಳೆಯನ್ನು, ಯೋಜನೆಯನ್ನಲ್ಲ. ಆ ಎರಡು ವರ್ಷಗಳ ಮಳೆಯಲ್ಲೂ ವ್ಯತ್ಯಾಸ ಇರುವುದರಿಂದ, ಯೋಜನೆಯ ನೀರು ಬಾರದ ಅಕ್ಕಪಕ್ಕದ ಕೆರೆಗಳನ್ನೂ ಜೊತೆಗಿಟ್ಟು ನೋಡಬೇಕು.

ಕಂಡದ್ದನ್ನು ಉಳಿಸುವ ಬಗ್ಗೆ ಕೊನೆಯ ಮಾತು. ಸ್ಕ್ರೀನ್‌ಶಾಟ್ ಮಾತ್ರ ತೆಗೆದಿಟ್ಟರೆ ಆರು ತಿಂಗಳ ಮೇಲೆ ಅದು ಎಲ್ಲಿಯದು, ಯಾವಾಗಿನದು ಎಂದು ತಿಳಿಯುವುದಿಲ್ಲ. ಗೂಗಲ್ ಅರ್ಥ್‌ನಲ್ಲಿ ಪ್ಲೇಸ್‌ಮಾರ್ಕ್ ಇಟ್ಟು, ಟೂಲ್ಸ್ ಆಪ್ಷನ್ಸ್‌ನಲ್ಲಿ ಅಕ್ಷಾಂಶವನ್ನು ದಶಮಾಂಶಕ್ಕೆ ಬದಲಿಸಿ, ಬಿಂದುವಿನ ನಂತರ ಐದು ಅಂಕಿಗಳವರೆಗೆ ಬರೆದುಕೊಳ್ಳಿ. ಐದನೇ ಅಂಕಿ ನೆಲದ ಮೇಲೆ ಸುಮಾರು ಒಂದು ಮೀಟರ್, ಅದಕ್ಕಿಂತ ಮುಂದಿನ ಅಂಕಿಗಳಿಗೆ ಇಲ್ಲಿ ಅರ್ಥವಿಲ್ಲ. ಗುರುತುಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿ ಕೆಎಂಝಡ್ ಕಡತವಾಗಿ ಉಳಿಸಿದರೆ ಊರಿನವರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಬಹುದು, ಅವರ ಫೋನಿನ ಗೂಗಲ್ ಅರ್ಥ್‌ನಲ್ಲೂ ತೆರೆದುಕೊಳ್ಳುತ್ತದೆ. ಮುಳುಗಿದ ಊರಿನ ದಾರಿ, ಬಾವಿ, ಗುಡಿಯ ಜಾಗಗಳನ್ನು ಬಲ್ಲ ಹಿರಿಯರಿಗೆ ಮೇ ತಿಂಗಳ ಚಿತ್ರ ತೋರಿಸಿ ಕೇಳಿ ಗುರುತು ಹಾಕಿಸಿ. ಪ್ರತಿ ಪ್ಲೇಸ್‌ಮಾರ್ಕಿನ ಹೆಸರಿನ ಮುಂದೆಯೇ ಯಾವ ಚಿತ್ರ, ಯಾವ ತಾರೀಕು ಎಂದು ಬರೆದುಬಿಡಿ.